ಕಿವಿಗೆ ಬೀಳದ ಸುದ್ದಿ

ಊಟಿಗೆ ಹೊರಟ ದಿನ ಮರಿಸಿದ್ದಯ್ಯ ಬೆಳಗಿನ ಹಾಲನ್ನು ಪಕ್ಕದ ಮನೆಯವರ ಕೈಲಿ ಕೊಟ್ಟು ಡೈರಿಗೆ ಕಳಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ತನ್ನ ಹಸುವಿನ ಹಾಲು ಇನ್ನೊಬ್ಬರ ಕೈಗೆ ಹೋದರೆ ದಾರಿಯಲ್ಲೇ ಅದಕ್ಕೆ ನೀರು ಬೀಳುತ್ತದೆ ಅನ್ನುವ ಗುಮಾನಿ ಆತನಿಗೆ. ಹಾಗಾಗಿ ಇಸ್ತ್ರಿ ಪ್ಯಾಂಟಿನ ಮೇಲೆ ಹೊಸ ಸ್ವೆಟರು ತೊಟ್ಟುಕೊಂಡೇ, ಒಂದು ಕೈಲಿ ಕ್ಯಾನು ಹಿಡಿದು, ಮದುವೆ ಗಂಡು ಕೊಟ್ಟಿಗೆಗೆ ಹೋದ ಹಾಗೆ ಡೈರಿಗೆ ಹೋದ.

ಹಾಲು ಅಳೆಯುತ್ತಿದ್ದ ಪುಟ್ಟರಾಜು ಸ್ವೆಟರನ್ನು ಮೇಲಿಂದ ಕೆಳಗೆ ನೋಡಿದ.

"ಇದೇನ್ ಮರಿಸಿದ್ದಣ್ಣ, ನೀನಿನ್ನೂ ಇಲ್ಲೇ ನಿಂತಿದ್ದೀಯಲ್ಲ. ನಿಮ್ ದೊಡ್ಡಯ್ಯ ಓಗ್ಬುಟ್ರಂತೆ."

"ಎಲ್ಲಿಗೆ?" ಅಂದ ಮರಿಸಿದ್ದಯ್ಯ. ಗೊತ್ತಿದ್ದೇ ಕೇಳಿದ.

"ಆ ವಯಸ್ನಾಗೆ ಇನ್ನೆಲ್ಲಿಗ್ ಓದಾರು. ಈಗ್ತಾನೆ ಸೊಸೆ ಅಳಾದು ಕೇಳುಸ್ತು."

ದೊಡ್ಡಬೀರಯ್ಯ ಅಂದರೆ ಮರಿಸಿದ್ದಯ್ಯನ ಅಪ್ಪನ ಅಣ್ಣ. ಯುಗಾದಿಯಿಂದ ಹಾಸಿಗೆ ಹಿಡಿದಿದ್ದ ಮುದುಕ. ಇವತ್ತೋ ನಾಳೆಯೋ ಅಂತ ಕಿರುಗಾವಲಿನ ಜನ ನೋಡಿ ನೋಡಿ, ಆಮೇಲೆ ನೋಡುವುದನ್ನೇ ಬಿಟ್ಟಿದ್ದರು. ಈಗ ಆಷಾಢದಲ್ಲಿ, ಅದೂ ಇದೇ ದಿನ ಬೆಳಿಗ್ಗೆ, ಆತ ಹೊರಟಿದ್ದ.

ಅಣ್ಣತಮ್ಮಂದಿರ, ಅಂದರೆ ದಾಯಾದಿಗಳ, ಮನೆಗಳಲ್ಲಿ ಒಂದು ಸಾವಾದರೆ ಉಳಿದವರಿಗೆಲ್ಲ ಸೂತಕ. ತಿಥಿ ಆಗುವ ತನಕ ಯಾರೂ ಊರ ಗಡಿ ದಾಟಿ ತಿರುಗಾಟಕ್ಕೆ ಹೋಗುವ ಹಾಗಿಲ್ಲ. ಆದರೆ ಈ ಕಟ್ಟಿನಲ್ಲಿ ಒಂದು ಸಣ್ಣ ಸಂದು ಇತ್ತು. ಸೂತಕ ಹಿಡಿಯುವುದು ಸತ್ತ ಗಳಿಗೆಯಿಂದ ಅಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಕಿವಿಗೆ ಬೀಳದವನಿಗೆ ಸೂತಕವಿಲ್ಲ. ಬಿದ್ದವನು ಬಟ್ಟೆ ಸಮೇತ ತಲೆಗೆ ನೀರು ಹುಯ್ದುಕೊಂಡು ಸಾವಿನ ಮನೆ ಮುಂದೆ ಹೋಗಿ ನಿಲ್ಲಬೇಕು.

ಮರಿಸಿದ್ದಯ್ಯ ಆಚೀಚೆ ನೋಡಿದ. ಡೈರಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಪುಟ್ಟರಾಜು, ನೀನೇನೂ ಯೋಳ್ನಿಲ್ಲ, ನಾನೇನೂ ಕೇಳ್ನಿಲ್ಲ. ನಾನಿವತ್ತು ಡೈರಿಗೇ ಬರ್ನಿಲ್ಲ."

"ಮತ್ತೆ ಆಲು ಬಂದದಲ್ಲ?"

"ಆಲು ಅದ್ರ ಪಾಡಿಗೆ ಅದು ಬಂತು ಅನ್ಕೊ."

ಕ್ಯಾನನ್ನು ಅಲ್ಲೇ ಬಿಟ್ಟು ಆತ ಓಡಿದ.

ಓಡಿದ ಅಂತ ಆತನನ್ನು ಕಲ್ಲುಮನಸ್ಸಿನವನು ಅಂದುಕೊಳ್ಳಬಾರದು. ಹೆಂಡತಿ ಶಿವನಂಜಮ್ಮನಿಗೆ ಊಟಿ ನೋಡುವ ಆಸೆ ಹತ್ತಿದ್ದು ತೌರಿನಲ್ಲಿ, ಯಲಿಯೂರಿನ ಮನೆಯ ಗೋಡೆ ಮೇಲೆ ಗೊಬ್ಬರದ ಅಂಗಡಿಯವರ ಒಂದು ಕ್ಯಾಲೆಂಡರು ನೋಡಿ. ಬೆಟ್ಟ, ಕೆರೆ, ಕೆರೆಯಲ್ಲಿ ದೋಣಿ, ದಡದಲ್ಲಿ ಸೀರೆಯ ಅಂಚಿನ ಹಾಗೆ ಹೂವು. ಮದುವೆಯಾದ ಹೊಸತರಲ್ಲಿ ಹೊರಟರು, ಅಜ್ಜನ ತಮ್ಮ ತೀರಿಕೊಂಡ. ಮಗಳು ಹುಟ್ಟಿದ ಮೇಲೆ ಹೊರಟರು, ಚಿಕ್ಕಪ್ಪ. ಮಗಳ ಮದುವೆ ಮುಗಿಸಿ ಬಸ್ಸಿನಲ್ಲಿ ಸೀಟು ಹಿಡಿದರು, ಆ ಚಿಕ್ಕಪ್ಪನ ಹೆಂಡತಿ. ಕೊನೆಕೊನೆಗೆ ಶಿವನಂಜಮ್ಮ ಊಟಿ ಅಂತ ಬಾಯಿ ಬಿಟ್ಟರೆ ಸಾಕು, "ಬ್ಯಾಡ ಕಣವ್ವ, ನಮ್ ಅತ್ತೆಗೆ ನೆನ್ನೆಯಿಂದ ಜ್ವರ" ಅಂತ ಅಣ್ಣತಮ್ಮಂದಿರ ಮನೆಯ ಹೆಂಗಸರು ಕೈ ಮುಗಿಯುತ್ತಿದ್ದರು.

ನಗುವ ಮಾತು ಅಲ್ಲಿಗೆ ಮುಗಿಯಿತು. ಹೋದ ತಿಂಗಳು ಮೈಸೂರಿನ ಕಣ್ಣಿನ ಡಾಕ್ಟರು, ಕಣ್ಣಿನ ನರ ಒಣಗುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದೂ ಹೆಚ್ಚು ಕಾಲ ನಿಲ್ಲುವುದಿಲ್ಲ ಅಂದಿದ್ದರು. ಆಗಲೇ ಶಿವನಂಜಮ್ಮನಿಗೆ ಪಕ್ಕಗಳು ಕಾಣುತ್ತಿರಲಿಲ್ಲ. ನೇರಕ್ಕೆ ಇಟ್ಟದ್ದು ಮಾತ್ರ, ಅದೂ ಸೋಸಿದ ಹಾಗೆ. ಆಕೆ ಅಳಲಿಲ್ಲ. ಬಸ್ಸಿನಲ್ಲಿ ಬರುವಾಗ, "ಊಟಿ ಒಂದ್ ನೋಡ್ಕೊಬುಟ್ರೆ ಆಮೇಲ್ ಕತ್ಲಾದ್ರೂ ಆಗ್ಲಿ ಕಣಿ" ಅಂದಿದ್ದಳು. ತಿಥಿ ಮುಗಿಯಲಿ, ಮುಂದಿನ ತಿಂಗಳು ಹೋದರಾಯ್ತು ಅನ್ನುವ ಧೈರ್ಯ ಮರಿಸಿದ್ದಯ್ಯನಿಗೆ ಉಳಿದಿರಲಿಲ್ಲ.

ಆದರೆ ಶಿವನಂಜಮ್ಮನಿಗೆ ಈ ಸುದ್ದಿ ಗೊತ್ತಾದರೆ ಹೊಸಿಲು ದಾಟುವವಳಲ್ಲ. ದೊಡ್ಡಯ್ಯನಿಗೆ ದಿನಾ ಅಂಬಲಿ ಕಾಯಿಸಿ ಕೊಟ್ಟವಳು. ಆಕೆಯ ಕಿವಿ ಕಾಯುವುದೇ ಇವತ್ತಿನ ಕೆಲಸ ಅಂತ ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಮರಿಸಿದ್ದಯ್ಯ ಮನೆಗೆ ಬಂದರೆ, ಆಕೆ ಬಾಗಿಲಿಗೆ ಬೀಗ ಹಾಕಿ, ಬ್ಯಾಗು ಹಿಡಿದು, ಬಾಡಿಗೆ ಕಾರಿನೊಳಗೆ ಕುಳಿತೇ ಇದ್ದಳು. ಕಾಫಿಯನ್ನೂ ಕಾಯಿಸಿರಲಿಲ್ಲ.

"ಬೇಗ ಅತ್ತಿ. ಯಾರಾರ ಕರೆದ್ರೂ ತಿರುಗಿ ನೋಡ್ಬ್ಯಾಡಿ, ಒಂಟೋವಾಗ ಇಂದಕ್ ನೋಡ್ಬಾರ್ದು" ಅಂದಳು.

ದೇವರು ದೊಡ್ಡವನು ಅಂದುಕೊಂಡು, ತನ್ನ ಫೋನನ್ನು ಆಫ್ ಮಾಡಿ ಆತ ಹತ್ತಿದ. ಮೆಲ್ಲಗೆ, "ನಿನ್ ಫೋನ್ ಕೊಡು ಕಣಮ್ಮಿ, ಚಾರ್ಜ್ ಉಳೀಲಿ" ಅಂದ. ಆಕೆ ಕೊಟ್ಟಳು. ಅದು ಆಗಲೇ ಆಫಾಗಿತ್ತು. ಇವತ್ತು ಎಲ್ಲವೂ ಕೂಡಿಬರುತ್ತಿದೆ ಅನ್ನಿಸಿತು ಆತನಿಗೆ.

ಕಾರು ಓಡಿಸುತ್ತಿದ್ದವನು ಮಳವಳ್ಳಿಯ ಪ್ರಸನ್ನ. ಒಳ್ಳೆಯ ಹುಡುಗ, ಆದರೆ ಅವನ ಫೋನಿಗೂ ಕಾರಿನ ಸ್ಪೀಕರಿಗೂ ನಂಟು. ನಂಜನಗೂಡು ದಾಟುವಾಗ ಆ ಸ್ಪೀಕರು ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟಿತು. ಅಣ್ಣತಮ್ಮಂದಿರಲ್ಲೇ ಒಬ್ಬನಾದ ಶಿವರಾಜುವಿನ ದನಿ.

"ಲೇ ಪ್ರಸನ್ನ, ಮರಿಸಿದ್ದಣ್ಣ ನಿನ್ ಕಾರ್ನಾಗೇ ಅವ್ನಾ? ಅವನ ಫೋನ್ ಸತ್ತೋಗದೆ ಕಣ್ಲಾ. ದೊಡ್ಡಯ್ಯಂಗೆ ಬೆಳಗ್ಗೆ..."

ಮರಿಸಿದ್ದಯ್ಯನಿಗೆ ಕೆಮ್ಮು ಹತ್ತಿತು. ಎಂಥ ಕೆಮ್ಮು ಅಂದರೆ ಹಳೇ ಡೀಸೆಲ್ ಮೋಟಾರು ಶುರುವಾದ ಹಾಗೆ. ಅದೇ ಗಳಿಗೆಗೆ ಹಿಂದೆ ಕುಳಿತಿದ್ದ ಶಿವನಂಜಮ್ಮ, ವಾಂತಿ ಬರುತ್ತದೆ ಕಾರು ನಿಲ್ಲಿಸು ಅಂತ ಪ್ರಸನ್ನನ ಭುಜ ಹಿಡಿದು ಅಲ್ಲಾಡಿಸಿದಳು. ಪ್ರಸನ್ನ ಗಾಬರಿಯಾಗಿ ಫೋನು ಕತ್ತರಿಸಿ ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಆಕೆ ಇಳಿದು ಮರಕ್ಕೆ ಕೈಯೂರಿ ನಿಂತಳು. ವಾಂತಿಯೇನೂ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಹೊಟ್ಟೆ ತೊಳೆಸಿದ ಹೆಂಡತಿಯ ಮೇಲೆ ಮರಿಸಿದ್ದಯ್ಯನಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಮುಂದೆ ಕಾಡು, ಫೋನು ಹೊಡೆದುಕೊಂಡರೆ ಆನೆ ಅಡ್ಡ ಬರುತ್ತವಂತೆ, ಆಫ್ ಮಾಡು ಅಂತ ಪ್ರಸನ್ನನಿಗೆ ಹೇಳಿದ. ಇಂಥ ಮಾತನ್ನು ಪ್ರಸನ್ನ ಎಲ್ಲೂ ಕೇಳಿರಲಿಲ್ಲ. ಆದರೂ ಬಾಡಿಗೆ ಕೊಡುವವರ ಮಾತು ಅಂತ ಆಫ್ ಮಾಡಿದ.

ಬಂಡೀಪುರದ ಕಾಡಿನೊಳಗೆ ಮುಂದೊಂದು ವ್ಯಾನು ಸಿಕ್ಕಿತು. ಹಿಂದಿನ ಗಾಜಿನ ಮೇಲೆ ಊರ ದೇವತೆ ಪಟ್ಟಲದಮ್ಮನ ಹೆಸರು, ಒಳಗೆ ಕಿರುಗಾವಲಿನ ಕಡೆಯವರೇ ಇದ್ದಂತಿತ್ತು. ಪ್ರಸನ್ನ ಅದನ್ನು ಹಿಂದಿಕ್ಕಲು ಹೋದ. ಮರಿಸಿದ್ದಯ್ಯ ಚಪ್ಪಲಿ ಹುಡುಕುವವನ ಹಾಗೆ ಸೀಟಿನ ಕೆಳಗೆ ಬಗ್ಗಿದ. ಹೆಂಡತಿಗೂ ತಲೆ ಬಗ್ಗಿಸು ಅಂತ ಹೇಳಬೇಕು ಅಂತ ಹಿಂದೆ ತಿರುಗಿದರೆ ಆಕೆ ಮುಖದ ತುಂಬ ಸೆರಗು ಹೊದ್ದು ಸೀಟಿನ ಮೇಲೆ ಮುದುಡಿ ಮಲಗಿದ್ದಳು. ಚಳಿ ಇರಬೇಕು ಅಂದುಕೊಂಡ.

ಅಷ್ಟು ಹೊತ್ತಿಗೆ ಪ್ರಸನ್ನ, "ಅಮ್ಮ, ಎಡಕ್ ನೋಡಿ, ಮರಿ ಸಮೇತ ಆನೆ" ಅಂದ. ಇಬ್ಬರೂ ಏಳಲಿಲ್ಲ. ಎದ್ದು ಕುಳಿತಾಗ ಎರಡೂ ಕಡೆ ಲಂಟಾನ ಪೊದೆ. ಆನೆಯೂ ಹಿಂದೆ ಉಳಿದಿತ್ತು, ವ್ಯಾನೂ ಹಿಂದೆ ಉಳಿದಿತ್ತು.

"ನೋಡುದ್ರಾ?" ಅಂದ ಪ್ರಸನ್ನ.

"ನೋಡ್ದೊ ಬುಡಪ್ಪ, ಚೆನ್ನಾಗಿತ್ತು" ಅಂದಳು ಶಿವನಂಜಮ್ಮ.

ಊಟಿಯಲ್ಲಿ ಬಿಸಿಲು ಇತ್ತು. ಆಷಾಢದಲ್ಲಿ ಊಟಿಗೆ ಬಿಸಿಲು ಬರುವುದು ಅಪರೂಪ ಅಂತ ಕ್ಯಾರೆಟ್ಟು ಮಾರುವವಳೇ ಹೇಳಿದಳು. ಹೂವಿನ ತೋಟದಲ್ಲಿ ಸಾಲಿಗೆ ಸಾಲು ಹೂವು. ಆ ಕ್ಯಾಲೆಂಡರಿನಲ್ಲಿ ಇದ್ದುದಕ್ಕಿಂತ ಹೆಚ್ಚೇ. ಮರಿಸಿದ್ದಯ್ಯ ಹೆಂಡತಿಯ ಮೊಣಕೈ ಹಿಡಿದು ಒಂದು ಪಾತಿಯ ನೇರಕ್ಕೆ ನಿಲ್ಲಿಸಿದ. ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಹಾಕಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ರೀ ಮರಿಸಿದ್ದಯ್ಯನೋರೆ."

ನಿವೃತ್ತ ಮೇಷ್ಟ್ರು ಮಹದೇವಯ್ಯ. ಕಿರುಗಾವಲಿನಲ್ಲಿ ಯಾರಿಗೆ ಏನಾದರೂ ಮೊದಲು ತಿಳಿಯುವುದು ಅವರಿಗೆ, ಅವರಿಂದ ಉಳಿದವರಿಗೆ. ಪಿಂಚಣಿದಾರರ ತಂಡ ಕಟ್ಟಿಕೊಂಡು ಹಿಂದಿನ ದಿನವೇ ಬಂದಿದ್ದರು. ಮಂಗನ ಟೋಪಿ ಹಾಕಿ, ಮೊಬೈಲನ್ನು ಮೇಲೆತ್ತಿ ಆಡಿಸುತ್ತ ಇಳಿಜಾರಿನಲ್ಲಿ ದಾಪುಗಾಲು ಹಾಕುತ್ತಿದ್ದರು. "ನಿಲ್ರೀ, ಊರಿಂದ ಫೋನ್ ಬಂದಿತ್ತು, ದೊಡ್ಡಬೀರಯ್ಯನೋರು..."

ಮರಿಸಿದ್ದಯ್ಯ ಹೆಂಡತಿಯನ್ನು ಎಳೆದುಕೊಂಡು ಹೂವಿನ ಪಾತಿಗಳ ಮಧ್ಯೆ ನುಗ್ಗಿದ. ಕಾವಲುಗಾರ ತಮಿಳಿನಲ್ಲಿ ಬೈದ. ಅರ್ಥವಾಗದಿದ್ದರೂ ಅಪ್ಪ ಅಮ್ಮನ ಹೆಸರು ಅದರಲ್ಲಿ ಇತ್ತು ಅನ್ನುವುದು ತಿಳಿಯುತ್ತಿತ್ತು. ಎಲ್ಲಿಗೆ, ಯಾಕೆ ಅಂತ ಶಿವನಂಜಮ್ಮ ಕೇಳಲಿಲ್ಲ. ಗಂಡನಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದಳು. ಆ ಮೇಷ್ಟ್ರು ಸಿಕ್ಕರೆ ಪಿಂಚಣಿ ಪುರಾಣ ಶುರುಮಾಡುತ್ತಾರೆ ಅಂತ ಮರಿಸಿದ್ದಯ್ಯ ಕಾರಣ ಕೊಡಲು ಹೋದ. ಆಕೆ ಹೌದು ಹೌದು ಅಂದು ಇನ್ನೂ ಬಿರಬಿರನೆ ನಡೆದಳು.

ಕೆರೆಯ ಮಧ್ಯಕ್ಕೆ ಹೋದರೆ ಯಾರೂ ಹಿಂದೆ ಬರುವ ಹಾಗಿಲ್ಲ ಅಂತ ಆತನಿಗೆ ಹೊಳೆಯಿತು. ಬಾತುಕೋಳಿ ಮುಖದ, ಕಾಲಲ್ಲಿ ತುಳಿಯುವ ದೋಣಿಯೊಂದನ್ನು ಹಿಡಿದರು. ನಡು ನೀರಿಗೆ ಬಂದು ಉಸಿರು ಬಿಟ್ಟು, "ಈಗ ನೋಡು ಕಣಮ್ಮಿ, ಕಣ್ತುಂಬ ನೋಡು" ಅನ್ನುವಷ್ಟರಲ್ಲಿ ದಡದ ಕಡೆಯಿಂದ ಇನ್ನೊಂದು ಬಾತುಕೋಳಿ ಬಂತು. ಅದರಲ್ಲಿ ಮಹದೇವಯ್ಯ, ಪಕ್ಕದಲ್ಲಿ ತುಳಿಯಲು ಇನ್ನೊಬ್ಬ ಪಿಂಚಣಿದಾರ. ಮೇಷ್ಟ್ರು ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಕೂಗುತ್ತಿದ್ದರು. ಗಾಳಿಗೆ "ದೊಡ್ಡ" ಅನ್ನುವುದು ಒಂದು ಕಡೆಗೆ, "ಬೀರಯ್ಯ" ಅನ್ನುವುದು ಇನ್ನೊಂದು ಕಡೆಗೆ ಹೋಗುತ್ತಿತ್ತು.

ಮರಿಸಿದ್ದಯ್ಯ ತುಳಿದ. ಗದ್ದೆಯಲ್ಲಿ ಕೂಡ ಆತ ಹಾಗೆ ತುಳಿದವನಲ್ಲ. ಆದರೆ ದೋಣಿ ಹೋಗುತ್ತಿದ್ದ ರಭಸ ಅವನೊಬ್ಬನದಾಗಿರಲಿಲ್ಲ. ಮಂಡಿನೋವಿನ ಶಿವನಂಜಮ್ಮ, ಮನೆಯ ಎರಡು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವವಳು, ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ರಾಗಿ ಕಲ್ಲು ಬೀಸಿದ ಹಾಗೆ ತುಳಿಯುತ್ತಿದ್ದಳು. ಆಕೆಗೆ ಇಷ್ಟೊಂದು ಹುಮ್ಮಸ್ಸು ಬಂದಿದೆಯಲ್ಲ, ಊಟಿಯ ಗಾಳಿಯೇ ಗಾಳಿ ಅಂದುಕೊಂಡ.

"ಎದ್ರುಗೆ ಏನದೆ?" ಅಂತ ಆಕೆ ನಡುವೆ ಕೇಳಿದಳು.

"ಹೂವು. ಕೆಂಪಗವೆ" ಅಂದ ಆತ. ಆತ ನೋಡುತ್ತಿದ್ದದ್ದು ಹಿಂದಕ್ಕೆ.

ಕೊನೆಗೆ ಮೇಷ್ಟ್ರ ಜೊತೆಯವನಿಗೆ ಕಾಲು ಹಿಡಿದುಕೊಂಡು ಆ ಬಾತುಕೋಳಿ ನಿಂತಿತು. ಇವರದೂ ಒಂದು ಮೂಲೆಯಲ್ಲಿ ನಿಂತಿತು. ಇನ್ನು ನೋಡಬಹುದು ಅಂತ ಇಬ್ಬರೂ ತಲೆಯೆತ್ತಿದಾಗ ಬೆಟ್ಟದ ಮೇಲಿಂದ ಮಂಜು ಇಳಿಯಿತು. ಮೊದಲು ಮರ ಹೋಯಿತು, ಆಮೇಲೆ ದಡ ಹೋಯಿತು, ಆಮೇಲೆ ದೋಣಿಯ ಬಾತುಕೋಳಿ ಮುಖವೂ ಹೋಯಿತು. ಕಣ್ಣಿದ್ದವರಿಗೂ ಇಲ್ಲದವರಿಗೂ ಒಂದೇ ಆಗಿಹೋಯಿತು. ಶಿವನಂಜಮ್ಮ ಮತ್ತೆ ಕನ್ನಡಕ ಒರೆಸಿಕೊಂಡು, ಬೆಳ್ಳಗೆ ಕಾಣುತ್ತಿದೆ, ಇದು ನನ್ನ ಕಣ್ಣೋ ಹೊರಗೋ ಅಂತ ಕೇಳಿದಳು. ಹೊರಗೆ ಅಂದ ಮರಿಸಿದ್ದಯ್ಯ. ಇಡೀ ದಿನದಲ್ಲಿ ಆತ ಆಡಿದ ನಿಜ ಅದೊಂದೇ.

ಇಳಿದು ಬರುವಾಗ ಪ್ರಸನ್ನ ಎರಡು ಸಲ ಬಾಯಿ ತೆರೆದ. ಊಟಿಯಲ್ಲಿ ಅವನ ಫೋನು ಆನಾಗಿತ್ತು. "ಅಣ್ಣ, ನಿಮ್ಮೂರ್ನಾಗೆ..." ಅಂದಾಗ ಮರಿಸಿದ್ದಯ್ಯ ರಸ್ತೆ ನೋಡು ಅಂದ. "ಅಮ್ಮ, ಒಂದು ಇಸ್ಯ..." ಅಂದಾಗ ಶಿವನಂಜಮ್ಮ ತಲೆ ಸಿಡಿಯುತ್ತಿದೆ, ಮಾತಾಡಬೇಡ ಅಂದಳು. ಇಬ್ಬರ ಕೈಲೂ ಬೈಸಿಕೊಂಡ ಮೇಲೆ ಅವನು ಬಾಯಿಗೆ ಬೀಗ ಹಾಕಿಕೊಂಡ.

ದಾರಿಯುದ್ದಕ್ಕೂ ಮರಿಸಿದ್ದಯ್ಯ ಒಳಗೊಳಗೇ ತಾಲೀಮು ಮಾಡುತ್ತಿದ್ದ. ಏನೂ ಗೊತ್ತಿಲ್ಲದವನ ಹಾಗೆ ಇಳಿಯಬೇಕು. ಯಾರಾದರೂ ಹೇಳುತ್ತಾರೆ. ಆಗ ಕೈಯಲ್ಲಿದ್ದ ಬ್ಯಾಗು ಬೀಳಬೇಕು. ಆಮೇಲೆ ಹೆಂಡತಿಯನ್ನು ಹಿಡಿದುಕೊಳ್ಳಬೇಕು, ಪಾಪ, ಆಕೆಗೆ ನಿಜಕ್ಕೂ ಸಿಡಿಲು ಬಡಿದ ಹಾಗಾಗುತ್ತದೆ.

ಕಾರು ಕಿರುಗಾವಲಿನ ಬೀದಿಗೆ ತಿರುಗಿದಾಗ ದೀಪ ಹಚ್ಚುವ ಹೊತ್ತು. ದೊಡ್ಡಬೀರಯ್ಯನ ಮನೆ ಮುಂದೆ ಶಾಮಿಯಾನ. ಅದರ ಕೆಳಗೆ ಕುರ್ಚಿ, ಕುರ್ಚಿಗಳ ತುಂಬ ಅಣ್ಣತಮ್ಮಂದಿರು. ಇನ್ನೂ ಎತ್ತಿಲ್ಲ, ನನಗಾಗಿ ಕಾದಿದ್ದಾರೆ ಅಂದುಕೊಂಡ ಮರಿಸಿದ್ದಯ್ಯ. ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ಬಾಗಿಲ ಹಿಡಿಗೆ ಕೈ ಹಾಕಿದ.

ಅದಕ್ಕೆ ಮುಂಚೆಯೇ ಹಿಂದಿನ ಬಾಗಿಲು ತೆರೆದುಕೊಂಡಿತು. ಶಾಮಿಯಾನದ ಬಿಳುಪೊಂದೇ ಕಾಣುತ್ತಿದ್ದ ಶಿವನಂಜಮ್ಮ ತಲೆಗೂದಲು ಬಿಚ್ಚಿ, ಎದೆ ಬಡಿದುಕೊಳ್ಳುತ್ತ, ನೇರ ಅದರೊಳಗೆ ನುಗ್ಗಿದಳು.

"ಅಯ್ಯೋ ನನ್ನಪ್ಪಾ, ದೊಡ್ಡಯ್ಯಾ, ನಮ್ಮನ್ನೆಲ್ಲ ಬುಟ್ಟು ಒಂಟೋದ್ಯಲ್ಲಪ್ಪಾ."

ಇವಳಿಗೆ ಯಾರು ಹೇಳಿದರು ಅಂತ ಮರಿಸಿದ್ದಯ್ಯ ಬೆಪ್ಪಾಗಿ ನಿಂತ. ಆದರೆ ಹೆಂಡತಿ ಅಷ್ಟು ಗೋಳಾಡುವಾಗ ಗಂಡ ಒಣಗಣ್ಣಲ್ಲಿ ನಿಲ್ಲುವುದು ಹೇಗೆ? ಆತನೂ ಬ್ಯಾಗು ಬೀಳಿಸಿ, ಟವೆಲ್ಲು ಬಾಯಿಗೆ ಒತ್ತಿಕೊಂಡು, "ದೊಡ್ಡಯ್ಯಾ" ಅಂತ ಹಿಂದೆಯೇ ಹೋದ.

ಜನ ದಾರಿ ಬಿಟ್ಟರು. ಜಗುಲಿಯ ಮಂಚದ ಮೇಲೆ, ದಿಂಬಿಗೆ ಒರಗಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ದೊಡ್ಡಬೀರಯ್ಯ ಬಸ್ಸಾರಿನಲ್ಲಿ ಮುದ್ದೆ ಉಣ್ಣುತ್ತಿದ್ದ. ಮುರಿದ ಮುದ್ದೆ ಕೈಯಲ್ಲೇ ನಿಂತಿತು.



ಬೆಳಿಗ್ಗೆ ಆಗಿದ್ದು ಇಷ್ಟು. ಮುದುಕ ಬಾಯಿ ತೆರೆದುಕೊಂಡು ಅಲುಗಾಡದೆ ಬಿದ್ದಿದ್ದ. ಸೊಸೆ ಚಿಕ್ಕನಂಜಮ್ಮ ಕರೆದಳು, ಏಳಲಿಲ್ಲ, ಅತ್ತಳು. ಸುದ್ದಿ ಹೋಯಿತು, ಶಾಮಿಯಾನ ಬಂತು. ಹೊತ್ತು ಏರುವ ಮೊದಲೇ ಮೈ ತೊಳೆಯಲು ಒಂದು ಚೊಂಬು ನೀರು ಹುಯ್ದದ್ದೇ ತಡ, ತಣ್ಣೀರು ಹುಯ್ಯುತ್ತೀಯೇನೇ ಅಂತ ಸೊಸೆಯನ್ನು ಬೈದುಕೊಂಡು ಎದ್ದು ಕುಳಿತ. ಬಾಡಿಗೆ ಹೇಗೂ ಕೊಡಬೇಕು, ಇವತ್ತೊಂದು ದಿನ ನೆರಳಿಗೆ ಇರಲಿ ಅಂತ ಶಾಮಿಯಾನವನ್ನು ಬಿಚ್ಚಿರಲಿಲ್ಲ. ಎದ್ದ ಮುದುಕನನ್ನು ನೋಡಲು ದಿನವಿಡೀ ಜನ ಬರುತ್ತಲೇ ಇದ್ದರು.

ಚಿಕ್ಕನಂಜಮ್ಮ ಸೊಂಟಕ್ಕೆ ಕೈ ಕೊಟ್ಟು ಮುಂದೆ ಬಂದಳು.

"ಅಲ್ಲ ಕಣಕ್ಕ, ನೀವು ಸುದ್ದಿ ಮುಟ್ಟಾಕ್ ಮುಂಚೇನೆ ಒಂಟೋದ್ರಿ ಅಂತ ನಾವ್ ಅನ್ಕೊಂಡಿದ್ರೆ, ನಿಮ್ಗೆ ಸತ್ತಿದ್ ಯಾರ್ ಯೋಳುದ್ರು? ಎದ್ದಿದ್ ಯಾಕ್ ಯಾರೂ ಯೋಳ್ನಿಲ್ಲ?"

"ನಲ್ಲಿ ತಾವು ನಾನೇ ಶಿವನಂಜಮ್ಮಂಗೆ ಯೋಳ್ದೆ" ಅಂದಳು ಪಕ್ಕದ ಮನೆಯ ಪಟ್ಟಲಮ್ಮ. "ಕೊಡ ಅಲ್ಲೇ ಬುಟ್ಟು ಓಡುದ್ಲು. ಇತ್ಲಾಗ್ ಬತ್ತಾವ್ಳೆ ಅನ್ಕೊಂಡೆ."

"ಅಣ್ಣಂಗೆ ನಾನೇ ಡೈರಿ ತಾವು ಯೋಳಿದ್ದೆ" ಅಂದ ಪುಟ್ಟರಾಜು, ನೆಲ ನೋಡುತ್ತ. "ಬ್ಯಾಡ ಅಂದ್ರೂ ಮನಸ್ ತಡೀನಿಲ್ಲ. ಮುದ್ಕಪ್ಪ ಎದ್ ಕೂತವ್ರೆ, ಆರಾಮಾಗ್ ನೋಡ್ಕೊಂಡ್ ಬನ್ನಿ ಅಂತ ಯೋಳ್ಸಾಕೆ ಬೆಳಗ್ಗಿಂದ ಎಷ್ಟು ಫೋನು. ಶಿವರಾಜು ಕೈಲಿ ಮಾಡುಸ್ದೆ, ಮೇಷ್ಟ್ರು ಕೈಲಿ ಕೂಗ್ಸಿದೆ. ಅವ್ರು ಕೆರೆ ಒಳಗೂ ಅಟ್ಟುಸ್ಕೊಂಡ್ ಓದ್ರಂತೆ."

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ಇರುವ ಕಡೆಗೆ ನೋಡಿದಳು. ಕೆಮ್ಮು, ವಾಂತಿ, ಚಳಿ, ಹುಮ್ಮಸ್ಸು ಎಲ್ಲ ಒಂದೊಂದಾಗಿ ಇಬ್ಬರಿಗೂ ತಿಳಿಯಿತು.

"ನಂಗೊಂದ್ ಮಾತ್ ಯೋಳ್ಬಾರ್ದಾಗಿತ್ತಾ?" ಅಂದ ಮರಿಸಿದ್ದಯ್ಯ ಪಿಸುಗುಟ್ಟಿ.

"ಯೋಳುದ್ರೆ ನೀವ್ ಕರ್ಕೊಂಡ್ ಓಯ್ತಿದ್ರಾ" ಅಂದಳು ಆಕೆ.

ಅಣ್ಣತಮ್ಮಂದಿರ ಕುರ್ಚಿಗಳಲ್ಲಿ ಗುಸುಗುಸು ಎದ್ದು ಬೈಗುಳವಾಯಿತು. ಹೆಣ ಅಂಗಳದಲ್ಲಿದೆ ಅಂತ ಗೊತ್ತಿದ್ದೂ ದೋಣಿ ಆಟಕ್ಕೆ ಹೋದವರು ಅಂತ ಒಬ್ಬ. ಬದುಕಿರುವವನ ಬಾಗಿಲಲ್ಲಿ ಕೂದಲು ಬಿಚ್ಚಿ ಅತ್ತವರು ಅಂತ ಇನ್ನೊಬ್ಬ. ಇವೆರಡರಲ್ಲಿ ಯಾವುದು ದೊಡ್ಡ ತಪ್ಪು ಅಂತ ಅವರಲ್ಲೇ ಜಗಳವಾಯಿತು. ಚಿಕ್ಕನಂಜಮ್ಮ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದಳು.

"ನಾಳೆ ನಿಮ್ ಮನೇಲಿ ಏನಾರ ಆದಾಗ ನಾವೂ ಊಟಿಗ್ ಓಯ್ತೀವಿ ಬುಡಿ. ಈಗ ಇಬ್ರೂ ತಲೆಗ್ ನೀರುಯ್ಕೊಳ್ಳಿ. ಅತ್ತಿರೋರು ಅಂಗೇ ನಮ್ ಜಗ್ಲಿ ಅತ್ಬ್ಯಾಡಿ."

ಕೊಳದಪ್ಪಲೆಯಿಂದ ಆಕೆಯೇ ನೀರು ಮೊಗೆದಳು. ಸಾಯದ ಸಾವಿಗೆ, ಬೀದಿಯವರೆಲ್ಲ ನೋಡುತ್ತಿದ್ದಂತೆ, ಗಂಡ ಹೆಂಡಿರು ಅಂಗಳದಲ್ಲಿ ಪಕ್ಕಪಕ್ಕ ನಿಂತು ಮಿಂದರು. ಹೊಸ ಸ್ವೆಟರುಗಳು ನೀರು ಕುಡಿದು ಮೊಣಕಾಲಿಗೆ ಬಂದವು.

ಮಂಚದ ಮೇಲಿದ್ದ ದೊಡ್ಡಬೀರಯ್ಯ ಕೈಯಲ್ಲೇ ನಿಂತಿದ್ದ ತುತ್ತನ್ನು ನುಂಗಿ, ಹತ್ತಿರ ಬಾ ಅಂತ ಶಿವನಂಜಮ್ಮನಿಗೆ ಕೈ ಮಾಡಿದ. ಆ ಸನ್ನೆ ಆಕೆಗೆ ಕಾಣಲಿಲ್ಲ. ಮರಿಸಿದ್ದಯ್ಯನೇ ಆಕೆಯನ್ನು ಜಗುಲಿಯ ಅಂಚಿಗೆ ತಂದು, ಮುದುಕನ ನೇರಕ್ಕೆ ನಿಲ್ಲಿಸಿದ.

"ಓಗ್ಲಿ ಬುಡವ್ವ, ಅಂತೂ ಓದ್ಯಲ್ಲ. ಏನೇನ್ ನೋಡ್ದೆ ಅಲ್ಲಿ?"

ನೀರು ಇಳಿಯುತ್ತಿದ್ದ ಕೂದಲನ್ನು ಆಕೆ ಹಿಂದಕ್ಕೆ ತಳ್ಳಿಕೊಂಡಳು.

"ಎಲ್ ತಿರುಗುದ್ರೂ ನಿಮ್ ಮಕನೇ ಕಾಣ್ತಿತ್ತು ಕಣಪ್ಪೋ. ಇನ್ನೇನೂ ನೋಡ್ನಿಲ್ಲ."

ಮುದುಕ ಇನ್ನೊಂದು ತುಂಡು ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿದ.

"ಈ ಮಕ ನೋಡಾಕೆ ಅಷ್ಟ್ ದೂರ ಯಾಕವ್ವಾ ಓದೆ," ಅಂದ. "ನಾನಿಲ್ಲೇ ಇದ್ನಲ್ಲ."